ಐದನೇ ಪ್ರತಿಯ ಏಳನೇ ಪುಟ

ಪೀಣ್ಯದಲ್ಲಿ ಹನ್ನೆರಡು ವರ್ಷ ದುಡಿದೆ ಎಂದರೆ ಎಲ್ಲರೂ ಯಾವ ಮೆಷೀನಿನ ಮೇಲೆ ಎಂದು ಕೇಳುತ್ತಾರೆ. ಅಮೆರಿಕದ ಅಣುಬಾಂಬಿನ ಕಾಗದಪತ್ರಗಳ ಮೇಲೆ ಎಂದು ಹೇಳಿದರೆ ನನ್ನ ಮುಖವನ್ನೊಮ್ಮೆ ನೋಡಿ, ಪಾಪ ವಯಸ್ಸಾಯಿತು ಎಂದುಕೊಂಡು ಮಾತು ಬದಲಾಯಿಸುತ್ತಾರೆ. ನಾನು ಬರೆಯುತ್ತಿರುವುದು ಅವರಿಗಲ್ಲ. ಡೇಟಾ ಎಂಟ್ರಿ, ಸ್ಕ್ಯಾನಿಂಗ್ ಎನ್ನುವ ಕೆಲಸಗಳಿಗೆ ಈಗ ಹೊಸದಾಗಿ ಸೇರುತ್ತಿರುವ ಮಕ್ಕಳಿಗೆ. ಇದು ತಲೆ ಬೇಕಿಲ್ಲದ ಕೆಲಸ, ಬೆರಳಿದ್ದರೆ ಸಾಕು ಎಂದು ನಿಮಗೆ ಮೊದಲ ದಿನವೇ ಯಾರಾದರೂ ಹೇಳುತ್ತಾರೆ. ಹೇಳಿದವರು ಈ ಕೆಲಸ ಮಾಡಿರುವುದಿಲ್ಲ, ಅಷ್ಟು ನೆನಪಿಟ್ಟುಕೊಳ್ಳಿ.

ನನ್ನ ಹೆಸರು ಪಂಕಜಾಕ್ಷಿ. ಮನೆ ಟಿ. ದಾಸರಹಳ್ಳಿ. ಹುಟ್ಟಾ ಸ್ಟೆನೋ ನಾನು. ತುಮಕೂರು ರಸ್ತೆಯಲ್ಲಿದ್ದ ಒಂದು ಕಾರ್ಖಾನೆಯಲ್ಲಿ ವರ್ಕ್ಸ್ ಮ್ಯಾನೇಜರರ ಕೈಕೆಳಗೆ ಇಪ್ಪತ್ತೆರಡು ವರ್ಷ ಟೈಪ್ ಮಾಡಿದೆ. ಆ ಕಾರ್ಖಾನೆ ಮುಚ್ಚಿತು, ನಾವೆಲ್ಲ ವಿ.ಆರ್.ಎಸ್. ಕಾಗದಕ್ಕೆ ಸಹಿ ಹಾಕಿ ಮನೆ ಸೇರಿದೆವು. ಎರಡು ಸಾವಿರದ ಇಸವಿ ದಾಟಿ ಮೂರು ವರ್ಷವಾಗಿತ್ತು. ನಲವತ್ತೇಳು ವಯಸ್ಸಿನ ಟೈಪಿಸ್ಟಿಗೆ ಕೆಲಸ ಕೊಡುವವರು ಯಾರೂ ಇರಲಿಲ್ಲ, ಮುನಿರಾಜು ಒಬ್ಬರನ್ನು ಬಿಟ್ಟು.

ಮುನಿರಾಜು ಚೊಕ್ಕಸಂದ್ರದವರು. ಅವರ ತಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಅವರ ಶೆಡ್ಡು ಎದ್ದಿತ್ತು. ಕೆಳಗೆ ಅಣ್ಣ ಕೃಷ್ಣಪ್ಪನವರ ತಗಡು ಒತ್ತುವ ಪ್ರೆಸ್ ಶಾಪ್, ಮೇಲೆ ತಮ್ಮನ ನಲವತ್ತು ಕಂಪ್ಯೂಟರು. ವೈಟ್‌ಫೀಲ್ಡಿನ ದೊಡ್ಡ ಕಂಪನಿಯೊಂದು ವಿದೇಶದಿಂದ ಹಿಡಿದು ತಂದ ಕೆಲಸವನ್ನು ನಮಗೆ ಹಂಚುತ್ತಿತ್ತು. ಅವರ ಕಟ್ಟಡಕ್ಕೆ ಗಾಜಿನ ಗೋಡೆ, ನಮ್ಮದಕ್ಕೆ ಕಲ್ನಾರಿನ ಶೀಟು. ಹುಡುಗಿಯರಲ್ಲಿ ಹೆಚ್ಚಿನವರು ಗದಗ, ಬಾಗಲಕೋಟೆ, ಕೊಪ್ಪಳದ ಕಡೆಯವರು. ಅಣ್ಣನೋ ಗಂಡನೋ ಕಟ್ಟಡದ ಕೆಲಸಕ್ಕೆಂದು ಬಂದು ದಾಸರಹಳ್ಳಿಯಲ್ಲಿ ರೂಮು ಮಾಡಿದ್ದರೆ ಇವರು ಹತ್ತನೇ ಕ್ಲಾಸಿನ ಅಂಕಪಟ್ಟಿ ಹಿಡಿದು ನಮ್ಮಲ್ಲಿಗೆ ಬರುತ್ತಿದ್ದರು.

ಮೊದಲ ವಾರ ನಾನು ಎರಡು ಕೀಬೋರ್ಡ್ ಮುರಿದೆ. ಟೈಪ್‌ರೈಟರಿನ ಕೈ, ಹೊಡೆದರೆ ಆರು ಕಾರ್ಬನ್ ಪ್ರತಿಗೆ ಇಳಿಯಬೇಕು ಎಂದು ಕಲಿತದ್ದು. ಸಾಲು ಮುಗಿದಾಗಲೆಲ್ಲ ಎಡಗೈ ತಾನಾಗಿ ಮೇಲೆದ್ದು ಇಲ್ಲದ ಹಿಡಿಯನ್ನು ಬಲಕ್ಕೆ ತಳ್ಳುತ್ತಿತ್ತು. ಪಕ್ಕದಲ್ಲಿ ಕೂರುತ್ತಿದ್ದ ಮಹಾದೇವಿಗೆ ಎರಡು ಸಲ ಕೆನ್ನೆಗೆ ತಾಗಿತು. ರೋಣದ ಹುಡುಗಿ ಅವಳು, ಅಜ್ಜಿಯಿಂದ ಕಸೂತಿ ಕಲಿತವಳು, ಎಳೆ ಎಣಿಸುವ ಕಣ್ಣು. ಮೂರನೇ ಸಲ ನನ್ನ ಕೈ ಎದ್ದಾಗ ಹಿಡಿದು ಕೆಳಗಿಟ್ಟಳು. ಅಂದಿನಿಂದ ನಮ್ಮಿಬ್ಬರಿಗೂ ಸ್ನೇಹ.

ಈ ಕೆಲಸದ ಮೊದಲ ನಿಯಮ: ಕಂಡದ್ದನ್ನು ಹೊಡಿ. ಅರ್ಥ ಮಾಡಿಕೊಳ್ಳಬೇಡ, ತಿದ್ದಬೇಡ. ಒಂದೇ ಪುಟವನ್ನು ಇಬ್ಬರು ಬೇರೆ ಬೇರೆ ಕೂತು ಹೊಡೆಯುತ್ತಾರೆ, ಎರಡನ್ನೂ ತಾಳೆ ನೋಡುತ್ತಾರೆ, ವ್ಯತ್ಯಾಸ ಬಂದಲ್ಲಿ ಮೂರನೆಯವರು ಮೂಲ ನೋಡಿ ತೀರ್ಮಾನಿಸುತ್ತಾರೆ. ಆ ಮೂರನೆಯವಳು ನಾನು. ಇಂಗ್ಲಿಷ್ ಬಲ್ಲವಳು ಎಂಬ ಹಮ್ಮು ನನಗೆ ಚೆನ್ನಾಗಿಯೇ ಇತ್ತು. ಅದು ಇಳಿದ ಕಥೆಯನ್ನೂ ಮುಚ್ಚಿಡುವುದಿಲ್ಲ.

ಅಮೆರಿಕದ ಒಂದು ಗ್ರಂಥಾಲಯದಿಂದ ಮೈಕ್ರೋಫಿಲ್ಮ್ ರೀಲುಗಳು ಬಂದವು. ಎರಡನೇ ಮಹಾಯುದ್ಧ ಮುಗಿದ ಮೇಲಿನ ಕಾಗದಪತ್ರ. ಕಾಗದಗಳನ್ನು ಫಿಲ್ಮಿಗೆ ಇಳಿಸಿದ ಮೇಲೆ ಮೂಲವನ್ನು ನಾಶ ಮಾಡಿದ್ದರಂತೆ. ಆ ಫಿಲ್ಮೂ ಹಾಳಾಗುತ್ತಿತ್ತು. ಡಬ್ಬ ತೆಗೆದರೆ ಹುಳಿ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ನಾವು ಸ್ಕ್ಯಾನ್ ಮಾಡಿ, ಓದಿ, ಹೊಡೆದು ಕಳಿಸಿದ್ದೇ ಮುಂದೆ ಉಳಿಯುವಂಥದ್ದು.

ಸ್ಕ್ಯಾನ್ ಮಾಡಿದ್ದೆಲ್ಲ ಮಸುಕು ಬರತೊಡಗಿತು. ಮೆಷೀನು ಕೆಟ್ಟಿದೆ ಎಂದು ವೈಟ್‌ಫೀಲ್ಡಿನಿಂದ ಇಂಜಿನಿಯರು ಬಂದು ಬಿಚ್ಚಿದರು, ಜೋಡಿಸಿದರು, ಹೋದರು. ಮತ್ತೆ ಮಸುಕು. ಒಂದು ಮಧ್ಯಾಹ್ನ ನಾನು ಮೇಜಿನ ಮೇಲಿಟ್ಟ ನೀರಿನ ಲೋಟ ನೋಡಿದೆ. ಕೆಳಗೆ ಕೃಷ್ಣಪ್ಪನವರ ಪವರ್ ಪ್ರೆಸ್ ದಡ್ ಎಂದಾಗಲೆಲ್ಲ ನೀರು ನಡುಗುತ್ತಿತ್ತು. ಉಗುರಿನಷ್ಟು ಫಿಲ್ಮನ್ನು ಇಷ್ಟಗಲ ಮಾಡಿ ನೋಡುವ ಯಂತ್ರ, ಅಷ್ಟು ನಡುಕ ಸಾಲದೇ? ಅಂದಿನಿಂದ ನಮ್ಮ ಸ್ಕ್ಯಾನಿಂಗ್ ಎಲ್ಲ ಪ್ರೆಸ್ ಶಾಪಿನ ಟೀ ಹೊತ್ತಿಗೆ, ಊಟದ ಹೊತ್ತಿಗೆ. ಅವರು ಕೈ ತೊಳೆಯಲು ಹೊರಟರೆ ನಾವು ಓಡಿಹೋಗಿ ರೀಲು ಹಾಕುತ್ತಿದ್ದೆವು. ಬಿಚ್ಚಿ ಜೋಡಿಸಿದ ಇಂಜಿನಿಯರಿಗೆ ಈ ವಿಷಯ ಹೇಳಲಿಲ್ಲ, ಪಾಪ.

ಮೊದಲ ರೀಲಿನ ಮೊದಲ ಪುಟದಲ್ಲೇ ‘ಟಾಪ್ ಸೀಕ್ರೆಟ್’ ಎಂಬ ಮುದ್ರೆ ಕಂಡು ಮುನಿರಾಜು ಬೆವತುಹೋದರು. ರೋಲಿಂಗ್ ಶಟರನ್ನು ಅರ್ಧಕ್ಕಿಳಿಸಿದರು, ಟೀ ತರುವವನು ಮೆಟ್ಟಿಲ ಬಳಿಯೇ ನಿಲ್ಲಬೇಕೆಂದರು, ಬೀಟಿನ ಪೊಲೀಸಪ್ಪ ರಸ್ತೆಯಲ್ಲಿ ಹೋದರೆ ಕಿಟಕಿ ಹಾಕಿಸಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ. ಮುದ್ರೆಯ ಮೇಲೆ ಅಡ್ಡಗೆರೆ ಎಳೆದಿದ್ದರೆ ಅದು ಈಗ ಗುಟ್ಟಲ್ಲ, ಎಲ್ಲರೂ ಓದಬಹುದು ಎಂದು ನಾನು ಎರಡು ದಿನ ಹೇಳಿದ ಮೇಲೆ ಶಟರು ಮೇಲೆ ಹೋಯಿತು. ಆ ಅಡ್ಡಗೆರೆಗೆ ಅವರು ದಿನಾ ಒಮ್ಮೆ ಕೈ ಮುಗಿಯುತ್ತಿದ್ದರೆಂದು ಹುಡುಗಿಯರು ಹೇಳುತ್ತಿದ್ದರು.

ಆದರೆ ಆ ಪುಟಗಳಲ್ಲಿದ್ದ ಹೆದರಿಕೆ ನಗುವಂಥದ್ದಲ್ಲ. ಯುದ್ಧ ಮುಗಿದ ಮೇಲೆ ನಾಲ್ಕು ವರ್ಷ ಬಾಂಬ್ ಇದ್ದದ್ದು ಅಮೆರಿಕದ ಬಳಿ ಮಾತ್ರ. ಆಮೇಲೆ ರಷ್ಯಾದವರೂ ಒಂದನ್ನು ಸಿಡಿಸಿದರು. ಅಲ್ಲಿಂದ ಮುಂದೆ ಪುಟಗಳ ಧಾಟಿಯೇ ಬೇರೆ. ಶಾಲೆಯ ಮಕ್ಕಳಿಗೆ ಮೇಜಿನ ಕೆಳಗೆ ಬಗ್ಗಿ ಕೂರುವ ಅಭ್ಯಾಸ ಮಾಡಿಸುವುದು ಹೇಗೆ ಎಂದು ಮಾಸ್ತರರಿಗೆ ಸೂಚನೆ. ಸತ್ತರೆ ಗುರುತು ಸಿಗಲಿ ಎಂದು ಮಕ್ಕಳ ಕೊರಳಿಗೆ ಹೆಸರಿನ ಬಿಲ್ಲೆ ಹಾಕುವ ವಿಚಾರ. ಅದನ್ನು ಹೊಡೆಯುತ್ತಿದ್ದ ದಿನ ಮಹಾದೇವಿ ಕೈ ನಿಲ್ಲಿಸಿ ಕೇಳಿದಳು:

“ಮೇಜಿನ ಕೆಳಗ ಕುಂತ್ರ ಬಾಂಬ್ ಬಿಡತೈತೇನ್ರಿ ಮೇಡಂ?”

ಬಿಡುವುದಿಲ್ಲ ಎಂದೆ. ಹಾಗಾದರೆ ಯಾಕೆ ಕೂರಿಸುತ್ತಾರೆ ಎಂದಳು. ಸುಮ್ಮನೆ ನಿಲ್ಲುವುದಕ್ಕಿಂತ ಏನಾದರೊಂದು ಮಾಡಿದರೆ ಧೈರ್ಯ ಬರುತ್ತದಲ್ಲ, ಅದಕ್ಕಿರಬೇಕು ಎಂದು ನನಗೆ ತೋಚಿದ್ದನ್ನು ಹೇಳಿದೆ. ಅವಳಿಗೆ ಅದು ಒಪ್ಪಿಗೆಯಾಗಲಿಲ್ಲ.

ಜನಸಾಮಾನ್ಯರು ಸರ್ಕಾರಕ್ಕೆ ಬರೆದ ಪತ್ರಗಳೂ ಇದ್ದವು. ಬಾಂಬ್ ಬಿದ್ದ ಎಷ್ಟು ದಿನಕ್ಕೆ ಬಟ್ಟೆಯನ್ನು ಹೊರಗೆ ಒಣಗಿಸಬಹುದು ಎಂದು ಒಬ್ಬಾಕೆ ಕೇಳಿದ್ದಳು. ನೆಲಮಾಳಿಗೆಯ ಆಸರೆಗೆ ನಾಯಿಯನ್ನೂ ಬಿಡುತ್ತೀರಾ ಎಂದು ಒಂದು ಮಗು. ಇನ್ನೊಬ್ಬ ತಾಯಿಯ ಪತ್ರದಲ್ಲಿ ‘ನನ್ನ ಮಕ್ಕಳ ಶಾಲೆ ಮನೆಯಿಂದ ಬಹಳ ದೂರ’ ಎಂಬ ಒಂದೇ ವಾಕ್ಯ ಮೂರು ಕಡೆ ಇತ್ತು. ಕೈತಪ್ಪಿ ಮತ್ತೆ ಮತ್ತೆ ಬರೆದಿದ್ದಾಳೆ ಎಂದು ನಾನು, ಇಂಗ್ಲಿಷ್ ಬಲ್ಲ ಮೂರನೆಯವಳು, ಎರಡನ್ನು ತೆಗೆದುಹಾಕಿದೆ. ಇಬ್ಬರು ಹುಡುಗಿಯರೂ ಸರಿಯಾಗಿ ಮೂರು ಸಲ ಹೊಡೆದಿದ್ದರು. ಅಮೆರಿಕದಿಂದ ಆ ಪುಟ ವಾಪಸು ಬಂತು, ಜೊತೆಗೊಂದು ಸಾಲು: ಆಕೆ ಮೂರು ಸಲ ಬರೆದಿದ್ದರೆ ಮೂರು ಸಲವೇ ಇರಲಿ, ಆಕೆ ಹೆದರಿದ್ದಳು. ನಲವತ್ತು ಹುಡುಗಿಯರ ಮುಂದೆ ಮುನಿರಾಜು ಅದನ್ನು ಓದಿ ಹೇಳಿದಾಗ ನನ್ನ ಕಿವಿ ಬಿಸಿಯಾಯಿತು. ಹೆದರಿದವರು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಾರೆ ಎಂಬುದು ಹೆಂಗಸಾದ ನನಗೆ ಗೊತ್ತಿರಲಿಲ್ಲವೇ? ಅಂದು ಕಲಿತ ಪಾಠ, ಎರಡನೇ ಸಲ ಕಂಡದ್ದೆಲ್ಲ ಬೇಡದ್ದಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಮಗೆ ಬಂದಿದ್ದು ಪರೀಕ್ಷೆಯ ರೀಲುಗಳು. ಇವನ್ನು ಹೇಳಿದ ದಿನಕ್ಕೆ ಸರಿಯಾಗಿ ಮುಗಿಸಿದರೆ ಉಳಿದ ರೀಲುಗಳೆಲ್ಲ ನಮಗೆ, ವರ್ಷಗಟ್ಟಲೆ ಕೆಲಸ. ತಪ್ಪಿದರೆ ಬೇರೆ ದೇಶಕ್ಕೆ, ನಲವತ್ತು ಹುಡುಗಿಯರು ಗಾರ್ಮೆಂಟ್ಸಿಗೆ. ಕೊನೆಯ ದಿನ ವೈಟ್‌ಫೀಲ್ಡಿನಿಂದ ಕಾರ್ತಿಕ್ ಬಂದ. ಪ್ರಾಜೆಕ್ಟ್ ಮ್ಯಾನೇಜರ್, ಇಪ್ಪತ್ತೆಂಟರ ಹುಡುಗ, ಒಳ್ಳೆಯವನೇ, ಆದರೆ ಎಲ್ಲದಕ್ಕೂ ಅವಸರ. ಒಂದೇ ಪುಟ ಎರಡೆರಡು ಸಲ ಬಂದಿದ್ದರೆ ಹುಡುಕುವ ಸಾಫ್ಟ್‌ವೇರ್ ತಂದಿದ್ದ. ಚೆನ್ನಾಗಿರುವ ಪ್ರತಿ ಇಟ್ಟುಕೊಂಡು ಉಳಿದದ್ದನ್ನು ಅಳಿಸಿ, ಸಂಜೆ ಏಳಕ್ಕೆ ಅಲ್ಲಿ ಬೆಳಗಾಗುತ್ತದೆ, ಅಷ್ಟರಲ್ಲಿ ಕಳಿಸಬೇಕು ಎಂದ.

ಹನ್ನೊಂದು ಪುಟದ ಒಂದು ಟಿಪ್ಪಣಿಯ ಐದು ಪ್ರತಿ ಇದ್ದವು. ರಷ್ಯಾ ಬಾಂಬ್ ಸಿಡಿಸಿದ ಕೆಲ ತಿಂಗಳಿಗೆ ಯಾವುದೋ ಸಮಿತಿಗೆಂದು ಬರೆದದ್ದು: ಇನ್ನೂ ದೊಡ್ಡ ಬಾಂಬ್ ಮಾಡಬೇಕೇ, ಸೇನೆಯನ್ನು ಎಷ್ಟು ಬೆಳೆಸಬೇಕು. ಒಂದು ಮೂಲ, ನಾಲ್ಕು ಕಾರ್ಬನ್. ಐದನೆಯದಂತೂ ಇರುವೆ ಹರಿದ ಹಾಗೆ ಮಸುಕು. ಅಳಿಸುವ ಮೊದಲು ಮೊದಲನೇ ಪ್ರತಿಯನ್ನು ಸುಮ್ಮನೆ ಒಮ್ಮೆ ತಿರುವಿದೆ. ಏಳನೇ ಪುಟಕ್ಕೆ ಬಂದಾಗ ಕೈ ನಿಂತಿತು.

ಆರನೇ ಪುಟದವರೆಗೂ ಇಂಗ್ಲಿಷಿನ ‘ಇ’ ಅಕ್ಷರದ ಹೊಟ್ಟೆಯಲ್ಲಿ ಮಸಿ ತುಂಬಿ ಕಣ್ಣು ಮುಚ್ಚಿತ್ತು. ಅಚ್ಚಿಗೆ ಧೂಳು ಹಿಡಿದರೆ ಹಾಗಾಗುತ್ತದೆ, ನಾವು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೀಳುತ್ತಿದ್ದೆವು. ಏಳನೇ ಪುಟದಲ್ಲಿ ಅದೇ ಅಕ್ಷರ ಕಣ್ಣು ಬಿಟ್ಟಿತ್ತು. ಎಂಟರಲ್ಲಿ ಮತ್ತೆ ಮುಚ್ಚಿತ್ತು. ಅಂದರೆ ಏಳನ್ನು ಹೊಡೆದದ್ದು ಬೇರೆ ದಿನ, ಅಕ್ಷರ ಉಜ್ಜಿದ ಮೇಲೆ. ಸಾಲುಗಳ ನಡುವೆಯೂ ಅಲ್ಲಲ್ಲಿ ಒಂದಿಷ್ಟು ಹೆಚ್ಚು ಜಾಗ; ಪುಟ ಸರಿಯಾಗಿ ಅದೇ ಪದಕ್ಕೆ ಮುಗಿಯಲಿ, ಎಂಟನೆಯದನ್ನು ಮುಟ್ಟುವುದು ಬೇಡ ಎಂದು ಎಳೆದೆಳೆದು ಹೊಡೆದ ಪುಟ. ಎರಡು, ಮೂರು, ನಾಲ್ಕನೇ ಪ್ರತಿಯಲ್ಲೂ ಹಾಗೆಯೇ. ಐದನೆಯದರಲ್ಲಿ ಮಾತ್ರ ಏಳನೇ ಪುಟ ತನ್ನ ಅಕ್ಕತಂಗಿಯರಂತೆಯೇ ಕಣ್ಣು ಮುಚ್ಚಿಕೊಂಡು, ಸಾಲು ಒತ್ತಿಕೊಂಡು, ಮಸುಕಾಗಿ ಕೂತಿತ್ತು.

ಇದು ನನಗೆ ಅಷ್ಟು ಬೇಗ ಹೇಗೆ ತಿಳಿಯಿತು ಎಂದು ಹೇಳದಿದ್ದರೆ ನಾನು ಬರೆಯುವುದೇ ವ್ಯರ್ಥ. ಹಳೆಯ ಕಾರ್ಖಾನೆಯಲ್ಲಿ ಸಿದ್ದಯ್ಯ ಎಂಬ ಪ್ರೆಸ್ ಆಪರೇಟರಿನ ನಾಲ್ಕು ಬೆರಳು ಹೋದವು. ಕೆಲಸ ಬೇಗ ಸಾಗಲಿ ಎಂದು ಕೈ ಒಳಗೆ ಹೋಗದಂತೆ ತಡೆಯುವ ಮೆಷೀನಿನ ಗಾರ್ಡನ್ನು ಮೇಲಿನವರ ಮಾತಿನಂತೆ ತೆಗೆದಿದ್ದರು. ನಾನು ಟೈಪ್ ಮಾಡಿದ ಅಪಘಾತದ ವರದಿಯ ಮೂರನೇ ಪುಟದಲ್ಲಿ ಅದು ಹಾಗೆಯೇ ಇತ್ತು. ಮರುದಿನ ನಮ್ಮ ಮ್ಯಾನೇಜರು, ಇಸ್ತ್ರಿ ಮುರಿಯದ ಅಂಗಿಯ ಮನುಷ್ಯ, ಒಂದು ಪುಟ ಬೇರೆ ಬರೆಸಿದರು. ಗಾರ್ಡನ್ನು ಆಪರೇಟರೇ ತೆಗೆದ ಎಂದು. ನಾನು ಸಾಲು ಎಳೆದೆಳೆದು ಅದೇ ಪದಕ್ಕೆ ಪುಟ ಮುಗಿಸಿ, ಆರು ಪ್ರತಿಯಲ್ಲೂ ಮೂರನೇ ಪುಟ ಬದಲಾಯಿಸಿದೆ. ಯಾರಿಗೂ ಗೊತ್ತಾಗಲ್ಲ, ಫಸ್ಟ್‌ಕ್ಲಾಸ್ ಕೆಲಸ ಎಂದು ಹೊಗಳಿದರು. ಆ ಹೊಗಳಿಕೆಯಿಂದ ನನಗೆ ಸಂತೋಷವೂ ಆಗಿತ್ತು, ಅದನ್ನೂ ಬರೆದುಬಿಡುತ್ತೇನೆ. ಸಿದ್ದಯ್ಯನ ಮೇಲೆ ತಪ್ಪು ಬಂತು. ಆಮೇಲೆ ಅವರು ದಾಸರಹಳ್ಳಿಯಲ್ಲಿ ಪೆಟ್ಟಿಗೆ ಅಂಗಡಿ ಇಟ್ಟರು. ದಿನಾ ಅದೇ ದಾರಿಯಲ್ಲಿ ಹೋಗುತ್ತಿದ್ದೆ, ಅವರು ಚೆನ್ನಾಗಿದ್ದೀರಾ ಅಮ್ಮ ಎನ್ನುತ್ತಿದ್ದರು, ನಾನು ತಲೆ ಆಡಿಸಿ ಬೇಗ ಬೇಗ ದಾಟುತ್ತಿದ್ದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ನಾನು ಮಾನ ಕಳೆದುಕೊಂಡದ್ದು ಒಂದು ಶಭಾಸ್‌ಗಿರಿಗೆ.

ಹಾಗಾಗಿ ಆ ಐದನೇ ಪ್ರತಿಯನ್ನು ಅಳಿಸುವುದಿಲ್ಲ ಎಂದು ಕಾರ್ತಿಕ್‌ಗೆ ಹೇಳಿದೆ. ಅವನು ಗಡಿಯಾರ ನೋಡಿದ.

“ಮೇಡಂ, ಸಾಫ್ಟ್‌ವೇರ್ ನೈಂಟಿ ನೈನ್ ಪರ್ಸೆಂಟ್ ಮ್ಯಾಚ್ ಅಂತಿದೆ. ಉಳಿದಿದ್ದು ಬರೀ ಧೂಳು.”

“ನನ್ನ ಇಪ್ಪತ್ತೆರಡು ವರ್ಷ ಆ ಧೂಳಲ್ಲೇ ಹೋಗಿದೆ ಕಾರ್ತಿಕ್. ಯಾವುದು ಧೂಳು, ಯಾವುದು ಅಲ್ಲ ಅಂತ ನಂಗೊತ್ತು.”

ಅಳಿಸದೆ ಕಳಿಸಿದರೆ ಸೂಚನೆ ಪಾಲಿಸಿಲ್ಲ ಎಂದು ಬ್ಯಾಚೇ ತಿರಸ್ಕಾರವಾಗುತ್ತದೆ ಎಂದ. ಅದು ನಿಜವೇ. ಬೇರೆ ಪುಟ ಎಂದು ತೋರಿಸಬೇಕಾದರೆ ಅದರಲ್ಲಿ ಏನಿದೆ ಎಂದು ಓದಿ ಹೊಡೆದು ಕಳಿಸಬೇಕು, ಓದಲು ಮತ್ತೆ ಸ್ಕ್ಯಾನ್ ಮಾಡಬೇಕು, ಪ್ರೆಸ್ ಶಾಪಿನ ಟೀ ಮುಗಿದುಹೋಗಿತ್ತು. ಮುನಿರಾಜು ನಮ್ಮಿಬ್ಬರ ಮುಖವನ್ನೂ ನೋಡಿದರು.

“ಮೇಡಂ, ಗ್ಯಾರಂಟಿ ಏಳ್ತೀರಾ? ನಲ್ವತ್ ಜನದ ಅನ್ನ ಇದು.”

“ಪುಟ ಬದಲಾಗಿದೆ, ಅದು ಗ್ಯಾರಂಟಿ. ಹಳೇ ಪುಟದಲ್ಲಿ ಏನಿದೆ ಅಂತ ನಂಗೂ ಗೊತ್ತಿಲ್ಲ. ತಪ್ಪಾದ್ರೆ ನಾಳೆಯಿಂದ ನಾನು ಬರಲ್ಲ.”

ಮುನಿರಾಜು ಕೆಳಗಿಳಿದು ಹೋದರು. ಅಣ್ಣತಮ್ಮಂದಿರಿಗೆ ಮೂರು ತಿಂಗಳಿಂದ ಮಾತಿರಲಿಲ್ಲ, ಶೆಡ್ಡಿನ ಮುಂದಿನ ಜಾಗದ ವಿಷಯವಾಗಿ. ಏನು ಕೇಳಿದರೋ ಗೊತ್ತಿಲ್ಲ. ಸ್ವಲ್ಪ ಹೊತ್ತಿಗೆ ಕೃಷ್ಣಪ್ಪನವರ ದನಿ ಮೆಟ್ಟಿಲಲ್ಲಿ ಕೇಳಿತು.

“ಒಂದ್ ಗಂಟೆ. ಅಮೆರಿಕಾನೇ ಎದ್ದು ಬಂದ್ರೂ ಅದ್ರ ಮೇಲೆ ಒಂದ್ ನಿಮ್ಸ ಇಲ್ಲ.”

ಪ್ರೆಸ್ಸು ನಿಂತಿತು. ಕರೆಂಟು ಇದ್ದೂ ಕೆಲಸದ ಹೊತ್ತಿನಲ್ಲಿ ಅದು ನಿಂತದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಲೋಟದ ನೀರು ಕನ್ನಡಿಯಾಯಿತು. ಆಪರೇಟರುಗಳು ಗ್ರೀಸಿನ ಕೈ ಒರೆಸಿಕೊಂಡು ಮೆಟ್ಟಿಲ ಮೇಲೆ ಸಾಲಾಗಿ ಬಂದು ನಿಂತರು. ದೀಪ ತಗ್ಗಿಸಿ, ಫಿಲ್ಮನ್ನು ಕೂದಲಷ್ಟು ಆಚೀಚೆ ಸರಿಸಿ, ಏಳನೇ ಪುಟವನ್ನು ನಾಲ್ಕು ತುಂಡಾಗಿ ದೊಡ್ಡದು ಮಾಡಿದೆವು. ಆದರೂ ಮಸುಕೇ.

ನಾನೇ ಗಟ್ಟಿಯಾಗಿ ಓದಲು ಕೂತೆ. ಎರಡು ಸಾಲು ಓದುವಷ್ಟರಲ್ಲಿ ತಪ್ಪು ಮಾಡುತ್ತಿದ್ದೇನೆ ಎಂದು ಅರಿವಾಯಿತು. ಮೊದಲ ಪ್ರತಿ ಓದಿದ್ದೆನಲ್ಲ, ಇಂಗ್ಲಿಷೂ ಬರುತ್ತಿತ್ತಲ್ಲ, ಮಸುಕಿದ್ದಲ್ಲೆಲ್ಲ ನನ್ನ ತಲೆ ಅದೇ ಪದಗಳನ್ನು ತಂದು ಕೂರಿಸುತ್ತಿತ್ತು. ಪಕ್ಕದಲ್ಲಿ ನಿಂತಿದ್ದ ಮಹಾದೇವಿ ಮೆಲ್ಲಗೆ ಹೇಳಿದಳು:

“ಇಲ್ರಿ ಮೇಡಂ. ಅಲ್ಲಿ ಅದಿಲ್ರಿ.”

ಎದ್ದು ಅವಳನ್ನು ಕೂರಿಸಿದೆ. ಅವಳಿಗೆ ಆ ಪದಗಳ ಅರ್ಥ ಗೊತ್ತಿರಲಿಲ್ಲ, ಅದೇ ಅವಳ ಬಲವಾಯಿತು. ಬಟ್ಟೆಯ ಎಳೆ ಎಣಿಸುವಂತೆ ಒಂದೊಂದೇ ಅಕ್ಷರವನ್ನು ಗಟ್ಟಿಯಾಗಿ ಕೂಗುತ್ತಾ ಹೋದಳು. ಇಬ್ಬರು ಹುಡುಗಿಯರು ಬೆನ್ನಿಗೆ ಬೆನ್ನು ಮಾಡಿ ಕೂತು ಬೇರೆ ಬೇರೆ ಹೊಡೆದರು. ಕಾಣದ ಅಕ್ಷರಕ್ಕೆ ಅವಳು ಕಾಣವಲ್ಲದು ಎಂದಳೇ ಹೊರತು ಒಂದನ್ನೂ ಊಹಿಸಲಿಲ್ಲ. ಮೆಟ್ಟಿಲ ಮೇಲಿದ್ದ ಒಬ್ಬ ಆಪರೇಟರ್ ಕೆಮ್ಮಿದ್ದಕ್ಕೆ ಕೃಷ್ಣಪ್ಪನವರೇ ಗದರಿಸಿದರು. ಎರಡು ಪ್ರತಿ ತಾಳೆ ನೋಡಿದೆವು, ವ್ಯತ್ಯಾಸ ಬರಲಿಲ್ಲ. ಆಗ ನಾನು ಅರ್ಥ ಮಾಡಿಕೊಂಡು ಓದಿದೆ.

ಬದಲಾದ ಪುಟ ಹೇಳುತ್ತಿದ್ದುದು ಇಷ್ಟು: ರಷ್ಯಾದ ಬಳಿ ಇನ್ನು ಕೆಲವೇ ವರ್ಷದಲ್ಲಿ ಇಂತಿಷ್ಟು ಬಾಂಬ್ ಇರುತ್ತದೆ, ಒಂದೇ ಏಟಿಗೆ ನಮ್ಮನ್ನು ಮುಗಿಸಲು ಅಷ್ಟು ಸಾಕು, ಆದ್ದರಿಂದ ತಡಮಾಡುವಂತಿಲ್ಲ. ಹಳೆಯ ಪುಟದಲ್ಲಿ ಅದೇ ಸಂಖ್ಯೆ ಇತ್ತು, ಆದರೆ ಹಿಂದೆಯೇ ಇನ್ನೊಂದು ಮಾತಿತ್ತು: ಆ ಕಡೆ ಏನಿದೆ ಎಂದು ಕಂಡವರು ನಮ್ಮಲ್ಲಿ ಯಾರೂ ಇಲ್ಲ. ಅವರ ಜಾಗದಲ್ಲಿ ನಾವಿದ್ದರೆ ಎಷ್ಟು ಮಾಡುತ್ತಿದ್ದೆವು ಎಂದು ಲೆಕ್ಕ ಹಾಕಿ ಈ ಸಂಖ್ಯೆ ಬಂದಿದೆ, ಇದನ್ನು ನಂಬಿ ತೀರ್ಮಾನಿಸುವ ಮೊದಲು ಇದನ್ನು ಸಮಿತಿ ತಿಳಿದಿರಬೇಕು ಎಂದು. ತಾನು ಕಳ್ಳ ಪರರ ನಂಬ ಎಂದು ನಮ್ಮಲ್ಲಿ ಹೇಳುವುದನ್ನು ಬರೆದವನು ತಾನೇ ಒಪ್ಪಿಕೊಂಡಿದ್ದ, ಮರುದಿನವೋ ಮುಂದಿನ ವಾರವೋ ಯಾರೋ ಅದನ್ನು ತೆಗೆಸಿದ್ದರು. ನಮ್ಮ ಕಾರ್ಖಾನೆಯಲ್ಲಿ ಪುಟ ಬದಲಾಯಿಸಿದ್ದು ಮೇಲಿನವರ ಹೆದರಿಕೆ ಇಳಿಸಲು. ಅಲ್ಲಿ ಹೆದರಿಕೆ ಏರಿಸಲು. ಕೈ ಮಾತ್ರ ಎರಡು ಕಡೆಯೂ ಟೈಪಿಸ್ಟಿನದೇ.

ಕಾರ್ತಿಕ್ ಎರಡು ಪುಟವನ್ನೂ ಓದಿದ, ಮತ್ತೆ ಓದಿದ. ಆಮೇಲೆ ಧೂಳಿನ ಮಾತು ಎತ್ತಲಿಲ್ಲ. ತಾನೇ ಕೂತು ಅಮೆರಿಕಕ್ಕೆ ಪತ್ರ ಬರೆದ, ಬರೆಯುವಾಗ ಮೂರು ಸಲ ನನ್ನನ್ನು ಕೇಳಿದ. ಕೆಳಗೆ ಪ್ರೆಸ್ ಮತ್ತೆ ದಡ್ ಎಂದಿತು, ಅವರು ಕೊಟ್ಟ ಒಂದು ಗಂಟೆ ಮುಗಿಯಲು ಇನ್ನೂ ನಾಲ್ಕು ನಿಮಿಷ ಇತ್ತು. ಏಳು ಗಂಟೆಗೆ ಬ್ಯಾಚ್ ಹೋಯಿತು. ಎಂಟಕ್ಕೆ ಫೋನ್ ಬಂತು.

ಆ ಕಡೆ ಗ್ರಂಥಾಲಯದ ಮುಖ್ಯಸ್ಥೆ; ದನಿಯಲ್ಲೇ ವಯಸ್ಸಾದವರು ಎಂದು ಗೊತ್ತಾಗುತ್ತಿತ್ತು. ಪುಟ ಬದಲಾಗಿದೆ ಎಂದು ಹೇಗೆ ಕಂಡುಹಿಡಿದಿರಿ ಎಂದು ಕೇಳಿದರು. ಅಕ್ಷರದ ಕಣ್ಣಿನ ವಿಷಯ, ಸಾಲು ಎಳೆದ ವಿಷಯ ಹೇಳಿದೆ. ನನ್ನ ಇಂಗ್ಲಿಷ್ ಬರೆಯುವಾಗ ನೆಟ್ಟಗಿರುತ್ತದೆ, ಮಾತಾಡುವಾಗ ಎಡವುತ್ತದೆ. ಇಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ ಎಂದು ಮತ್ತೆ ಕೇಳಿದರು. ಮುನಿರಾಜು, ಕಾರ್ತಿಕ್, ಮಹಾದೇವಿ ಎಲ್ಲ ಸುತ್ತ ನಿಂತಿದ್ದರು. ನಾನೂ ಒಮ್ಮೆ ಹೀಗೆ ಪುಟ ಬದಲಾಯಿಸಿದ್ದೇನೆ ಮೇಡಂ ಎಂದೆ. ಅದುವರೆಗೆ ಯಾರಿಗೂ ಹೇಳದ ಮಾತು, ಏಳು ಸಮುದ್ರದಾಚೆಯ ಹೆಂಗಸಿಗೆ ಸ್ಪೀಕರ್ ಫೋನಿನಲ್ಲಿ ಹೇಳಿದೆ.

ಆಕೆ ಹೇಳಿದರು: ಈ ಟಿಪ್ಪಣಿಯನ್ನು ತುಂಬಾ ಜನ ಓದಿದ್ದಾರೆ, ಎಲ್ಲರೂ ಚೆನ್ನಾಗಿರುವ ಪ್ರತಿ ನೋಡಿ ಬಿಟ್ಟಿದ್ದಾರೆ, ಐದನೆಯದನ್ನು ಯಾರೂ ತೆರೆದಿಲ್ಲ. ಇನ್ನು ಮುಂದೆ ಯಾವ ಪ್ರತಿಯನ್ನೂ ಅಳಿಸಬೇಡಿ, ಪುಟಕ್ಕೆ ಪುಟ ಹೋಲಿಸಿ. ಅದಕ್ಕಾಗಿಯೇ ಉಳಿದ ರೀಲುಗಳನ್ನು ನಿಮಗೇ ಕಳಿಸುತ್ತೇನೆ. ಹುಡುಗಿಯರಿಗೆ ಕಾರ್ತಿಕ್ ಅದನ್ನು ಕನ್ನಡದಲ್ಲಿ ಹೇಳಿದಾಗ ಎದ್ದ ಕೂಗಿಗೆ ಕೆಳಗಿನ ಪ್ರೆಸ್ಸಿನ ಸದ್ದೇ ಕೇಳಿಸಲಿಲ್ಲ. ಮುನಿರಾಜು ಕೆಳಗಿಳಿದು ಹೋಗಿ ಅಣ್ಣನ ಜೊತೆ ಟೀ ಕುಡಿದರು. ನಾನು ಮಹಾದೇವಿಯ ಕೈ ಹಿಡಿದು ಅತ್ತೆ, ಅಷ್ಟು ಸಂತೋಷವಾಗಿತ್ತು.

ಆ ಟಿಪ್ಪಣಿಯಿಂದ ಇತಿಹಾಸ ತಲೆಕೆಳಗಾಯಿತು ಎಂದೇನೂ ಹೇಳುವುದಿಲ್ಲ. ಬಾಂಬುಗಳನ್ನು ಅವರೂ ಮಾಡಿದರು, ಇವರೂ ಮಾಡಿದರು. ಆದರೆ ಗೊತ್ತಿಲ್ಲ ಎಂದು ಒಬ್ಬ ಧೈರ್ಯವಾಗಿ ಬರೆದಿದ್ದ ಎಂಬುದು ಉಳಿಯಿತು, ಪೀಣ್ಯದಲ್ಲಿ ಉಳಿಯಿತು. ಆಮೇಲಿನ ವರ್ಷಗಳಲ್ಲಿ ಹುಡುಗಿಯರು ಇಂಥ ಪುಟಗಳನ್ನು ಇನ್ನೂ ಹಲವು ಹಿಡಿದರು, ನನಗಿಂತ ಬೇಗ.

ಆ ಮೇಡಂ ಬಳಿ ನಾನೊಂದು ಕೇಳಿಕೊಂಡಿದ್ದೆ. ಹಳೆಯ ಪದ್ಧತಿಯಲ್ಲಿ ಟೈಪ್ ಮಾಡಿದ ಪತ್ರದ ಕೊನೆಯಲ್ಲಿ, ಎಡಮೂಲೆಯಲ್ಲಿ, ಬರೆಸಿದವರ ಹೆಸರಿನ ಮೊದಲಕ್ಷರಗಳು ದೊಡ್ಡದಾಗಿ, ಟೈಪಿಸ್ಟಿನವು ಸಣ್ಣದಾಗಿ ಇರುತ್ತವೆ. ಪ್ರತಿ ಕಾಗದಕ್ಕೂ ನಾವು ತುಂಬಿ ಕಳಿಸುತ್ತಿದ್ದ ಪಟ್ಟಿಯಲ್ಲಿ ಬರೆಸಿದವರಿಗೆ ಮಾತ್ರ ಜಾಗವಿತ್ತು. ಆ ಸಣ್ಣ ಅಕ್ಷರಗಳಿಗೂ ಒಂದು ಜಾಗ ಬೇಕು ಎಂದೆ, ಕೊಟ್ಟರು. ಆ ಟಿಪ್ಪಣಿಯ ಕೊನೆಯಲ್ಲಿ ಎರಡು ಸಣ್ಣ ಅಕ್ಷರ ಇದ್ದವು. ಯಾರೋ ಗೊತ್ತಿಲ್ಲ. ಐದನೇ ಪ್ರತಿಯಲ್ಲಿ ಪುಟ ಬದಲಾಯಿಸಲು ಮರೆತಳು ಎಂದು ಕಾರ್ತಿಕ್ ಹೇಳುತ್ತಾನೆ. ಅಷ್ಟು ಅಂದವಾಗಿ ಸಾಲು ಎಳೆದವಳು ಮರೆಯುವುದಿಲ್ಲ.

ಮೆಟ್ರೋ ದಾಸರಹಳ್ಳಿಗೆ ಬಂದ ವರ್ಷ ನಾನು ನಿವೃತ್ತಳಾದೆ. ಮುನಿರಾಜು ಒಂದು ಪತ್ರ ಕೊಟ್ಟರು, ಇಷ್ಟು ವರ್ಷ ಸೇವೆ ಸಲ್ಲಿಸಿದ್ದಾರೆ ಎಂದೆಲ್ಲ. ಓದುತ್ತಾ ಕೊನೆಗೆ ಬಂದೆ. ಎಡಮೂಲೆಯಲ್ಲಿ ಮುನಿರಾಜು ಅವರದು ದೊಡ್ಡ ಅಕ್ಷರ, ಪಕ್ಕದಲ್ಲಿ ಮಹಾದೇವಿಯದು ಸಣ್ಣ ಅಕ್ಷರ. ಕಂಪ್ಯೂಟರ್ ಕಾಲದಲ್ಲಿ ಯಾರೂ ಹಾಕದ ಗುರುತು. ಅವಳು ನನ್ನ ಮೂರನೆಯ ಕುರ್ಚಿಯಲ್ಲಿ ಕೂತಿದ್ದಳು, ತಲೆ ಎತ್ತದೆ ನಗುತ್ತಿದ್ದಳು.

ಅಂದು ಮನೆಗೆ ಹೋಗುವಾಗ ಸಿದ್ದಯ್ಯನ ಅಂಗಡಿಯ ಮುಂದೆ ನಿಂತೆ. ಚೆನ್ನಾಗಿದ್ದೀರಾ ಅಮ್ಮ ಎಂದರು. ನಿಂತುಕೊಂಡೇ ಎಲ್ಲ ಹೇಳಿದೆ, ಮೂರನೇ ಪುಟದಲ್ಲಿ ಮೊದಲು ಏನಿತ್ತು, ಆಮೇಲೆ ಏನಾಯಿತು, ಮಾಡಿದವಳು ಯಾರು. ಅವರು ಉಳಿದ ಬೆರಳಿನಿಂದ ಡಬ್ಬದ ಮುಚ್ಚಳ ತಿರುಗಿಸುತ್ತಿದ್ದವರು ನಿಲ್ಲಿಸಿದರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು.

“ಗಾರ್ಡ್ ತೆಗ್ದಿದ್ದು ನೀನೇ ಅಲ್ವಾ ಅಂತ ನಮ್ಮುಡ್ಗ ಇವತ್ಗೂ ಕೇಳ್ತಾನೆ,” ಎಂದರು. “ಸರ್ಕಾರಕ್ಕೆ ಬ್ಯಾಡ, ಕೋರ್ಟ್‌ಗೂ ಬ್ಯಾಡ. ಅವ್ನಿಗೆ ತೋರುಸ್ಬೇಕು. ಬರ್ದ್‌ಕೊಡಿ.”

ಅಟ್ಟದಿಂದ ಟೈಪ್‌ರೈಟರ್ ಇಳಿಸಿದೆ. ಅಕ್ಷರಗಳನ್ನು ಬ್ರಷ್ಷಿನಿಂದ ಉಜ್ಜಿದೆ, ಹೊಸ ರಿಬ್ಬನ್ ಹಾಕಿದೆ. ಆ ಮೂರನೇ ಪುಟ ಮೊದಲು ಹೇಗಿತ್ತೋ ಹಾಗೆ ಒಂದಕ್ಷರ ತಪ್ಪದೆ ನೆನಪಿತ್ತು. ಯಾವ ಸಾಲನ್ನೂ ಎಳೆಯದೆ ಹೊಡೆದೆ. ಕೊನೆಯಲ್ಲಿ ಎಡಮೂಲೆಗೆ ಬಂದಾಗ ಬರೆಸಿದವರ ದೊಡ್ಡ ಅಕ್ಷರಗಳ ಜಾಗವನ್ನು ಖಾಲಿ ಬಿಟ್ಟೆ, ಇದನ್ನು ಯಾರೂ ಬರೆಸಿರಲಿಲ್ಲ. ಪಕ್ಕದಲ್ಲಿ ಸಣ್ಣದಾಗಿ ನನ್ನದನ್ನು ಹೊಡೆದೆ.